ಖಲ್ಫಾನನ ಗಾಡಿ ಕೆಂಪು ದಿಬ್ಬ ಹತ್ತಿದ್ದು

ಎಲ್ಲದಕ್ಕೂ ಮೂಲ ಅತ್ತೆಯ ಚಪ್ಪಲಿ. ಕಳೆದ ಶನಿವಾರ ಮನೆಮಂದಿಯೆಲ್ಲ ಅಲ್ ಐನ್‌ನಿಂದ ಮರಳುಗಾಡಿಗೆ ಊಟಕ್ಕೆ ಹೊರಟಿದ್ದರು. ಷಡ್ಡಕ ಮುಸಬ್ಬಹನ ಗಾಡಿಯಲ್ಲಿ ಮಕ್ಕಳು ತುಂಬಿಕೊಂಡಿದ್ದರಿಂದ ಅತ್ತೆ ಉಮ್ ಸಯೀದ್ ಅಪರೂಪಕ್ಕೆ ಖಲ್ಫಾನನ ಗಾಡಿ ಹತ್ತಿದರು. ಛತ್ರದಷ್ಟು ದೊಡ್ಡದಾದ ಆ ಗಾಡಿ ಕೆಂಪು ದಿಬ್ಬದ ನಡುಮಧ್ಯೆ ಮುದುಕನಂತೆ ಕೆಮ್ಮಿ ನಿಂತೇಬಿಟ್ಟಿತು. ಅತ್ತೆ ಉಳಿದರ್ಧ ದಿಬ್ಬವನ್ನು ನಡೆದು ಹತ್ತಿದರು. ಒಂದು ಚಪ್ಪಲಿ ಮರಳಿನ ಪಾಲಾಯಿತು.

"ಇನ್ನು ಕತ್ತೆ ಮೇಲಾದ್ರೂ ಕೂತ್ಕೋತೀನಿ, ಇವನ ಗಾಡೀಲಿ ಕೂರಲ್ಲ!" ಎಂದು ಅವರು ನೆಂಟರೆಲ್ಲರ ಎದುರು ಸಾರಿದರು.

ಖಲ್ಫಾನ್ ಶಾಲೆಯಲ್ಲಿ ಗಣಿತದ ಮೇಷ್ಟ್ರು, ಇರುವೆಗೂ ದಾರಿ ಬಿಡುವ ಪ್ರಾಣಿ. ಆ ವಾರವಿಡೀ ಕಾಫಿಗೆ ಕೂತಲ್ಲೆಲ್ಲ ಅವನಿಗೆ ಒಂದೇ ಪ್ರಶ್ನೆ: "ಏನಯ್ಯಾ, ಅತ್ತೆಗೆ ಹೊಸ ಚಪ್ಪಲಿ ಕೊಡಿಸಿದ್ಯಾ?" ಹೆಂಡತಿ ಶಮ್ಸಾ ಪ್ರತಿ ಸಲವೂ ಮಾತು ಬದಲಿಸಿದಳು. ಅದೇ ಅವನಿಗೆ ಹೆಚ್ಚು ಚುಚ್ಚಿತು.

ಈ ಶನಿವಾರ ಬೆಳಗಿನ ಪ್ರಾರ್ಥನೆ ಮುಗಿದದ್ದೇ ತಡ, ಮುಸಬ್ಬಹ್ ಬಾಗಿಲಲ್ಲಿ ಹಾಜರ್.

"ಏಳು ತಮ್ಮಾ, ಇವತ್ತು ನಿನ್ನ ಗಾಡಿ ದಿಬ್ಬ ಹತ್ತಲೇಬೇಕು. ನೀನು ಯಾವ ಪೆಟ್ರೋಲ್ ಹಾಕಿಸ್ತೀಯಾ?"

"ತೊಂಬತ್ತೈದು ಆಕ್ಟೇನಿಂದು, ಅಣ್ಣ."

"ಅಯ್ಯೋ ದೇವರೇ! ಪೈಲ್ವಾನನಿಗೆ ಗಂಜಿ ಕುಡಿಸಿ ಕುಸ್ತಿಗೆ ಬಿಟ್ಟಿದ್ದೀಯಲ್ಲೋ! ತೊಂಬತ್ತೆಂಟು ಹಾಕಿಸ್ಬೇಕು!"

ಅಷ್ಟರಲ್ಲಿ ಪಕ್ಕದ ಮನೆಯ ಬೂ ಗಾನಿಮ್ ಗೋಡೆಯ ಮೇಲಿಂದ ತಲೆ ಹಾಕಿದ. "ತೊಂಬತ್ತೆಂಟು ದುಡ್ಡು ದಂಡ. ನನ್ನ ಹತ್ರ ಒಂದು ಬಾಟ್ಲಿ ಔಷಧಿ ಇದೆ, ಟ್ಯಾಂಕಿಗೆ ಸುರಿ ಸಾಕು, ಗಾಡಿ ಹಾರುತ್ತೆ!" ಖಲ್ಫಾನ್ ಬೇಡವೆನ್ನಲು ಬಾಯಿ ತೆರೆಯುವುದರೊಳಗೆ ಬೂ ಗಾನಿಮ್ ಬಂದು ಸುರಿದೇಬಿಟ್ಟ. ಟ್ಯಾಂಕಿಗಲ್ಲ, ಗಾಜು ತೊಳೆಯುವ ನೀರಿನ ಡಬ್ಬಿಗೆ.

ಅದನ್ನು ತೊಳೆಸಲೆಂದು ಹೋದ ಗ್ಯಾರೇಜಿನ ಯಜಮಾನ, ಸಿರಿಯಾದ ಹಲಬ್ ಕಡೆಯ ನಿಝಾರ್, ಎಲ್ಲ ಕೇಳಿ ನಕ್ಕ.

"ಬರೀ ತೊಂಬತ್ತೆಂಟು ಹಾಕಿದ್ರೆ ಏನೂ ಆಗಲ್ಲ ಮೇಷ್ಟ್ರೇ. ಅದನ್ನ ತಿಂದು ಅರಗಿಸ್ಕೊಳ್ಳೋದನ್ನ ಇಂಜಿನ್‌ಗೆ ಕಲಿಸ್ಬೇಕು. ನಾನು ಕಲಿಸ್ತೀನಿ. ಆದ್ರೆ ಕಲಿತ ಮೇಲೆ ಅದಕ್ಕೆ ಬೇರೆ ಊಟ ಸೇರಲ್ಲ, ನೆನಪಿರ್ಲಿ. ತೊಂಬತ್ತೈದು ಹಾಕಿದ್ರೋ, ಹಲ್ಲು ಕಡಿಯುತ್ತೆ."

ಅವನು ಲ್ಯಾಪ್‌ಟಾಪ್ ಜೋಡಿಸಿ ಮಧ್ಯಾಹ್ನದವರೆಗೂ ಅದೇನೇನೋ ತಿದ್ದಿದ. ಖಲ್ಫಾನ್ ಕೀಲಿ ತಿರುಗಿಸಿದಾಗ ಗಾಡಿ ಗುಡುಗಿತು. ಅವನ ಬೆನ್ನು ತಾನಾಗಿ ನೆಟ್ಟಗಾಯಿತು.

ಆದರೆ ದಾರಿಯ ಬಂಕಿನಲ್ಲಿ ತೊಂಬತ್ತೆಂಟು ಖಾಲಿ! ಮುಳ್ಳು ಕೆಂಪಿಗೆ ತಾಗಿತ್ತು, ಮುಂದೆ ಬರೀ ಮರಳು.

"ಸ್ವಲ್ಪ ತೊಂಬತ್ತೈದೇ ಹಾಕಿಸಿ," ಎಂದಳು ಶಮ್ಸಾ. "ತಳ್ಕೊಂಡು ಹೋಗೋಕಿಂತ ಹಲ್ಲು ಕಡಿಯೋದೇ ವಾಸಿ."

ದಿಬ್ಬದ ಬುಡದಲ್ಲಿ ಚಾಪೆ ಹಾಸಿ ಕೂತ ನೆಂಟರ ಎದುರು ಖಲ್ಫಾನ್ ಮರಳಿನಲ್ಲಿ ಹೂತುಹೋಗದಂತೆ ಚಕ್ರದ ಗಾಳಿ ಇಳಿಸಿ, ದೇವರನ್ನು ನೆನೆದು, ಕಾಲೊತ್ತಿದ. ಅರ್ಧ ಏರಿದ್ದೇ ತಡ, ಡಬ್ಬಿಯಲ್ಲಿ ಕಲ್ಲು ಕುಲುಕಿದಂತೆ ಇಂಜಿನ್ ಕಟಕಟ ಅಂದಿತು. ಶಕ್ತಿ ಸೋರಿಹೋಯಿತು. ಹೋದ ವಾರ ನಿಂತ ಜಾಗಕ್ಕಿಂತ ಎರಡು ಮೊಳ ಕೆಳಗೇ ಗಾಡಿ ನಿಂತಿತು.

"ಹೊಟ್ಟೆ ತುಂಬಾ ಉಂಡ ಒಂಟೆ!" ಕೆಳಗಿನಿಂದ ಅತ್ತೆಯ ದನಿ.

ಹಿಂದಕ್ಕೆ ಜಾರಿ ಬಂದ ಖಲ್ಫಾನನಿಗೆ ಇಳಿಯಲೂ ಮನಸ್ಸಾಗಲಿಲ್ಲ. ಆಗ ಮುಸಬ್ಬಹ್ ಎರಡು ಕ್ಯಾನ್ ಹೊತ್ತು ಏದುಸಿರು ಬಿಡುತ್ತ ಓಡಿ ಬಂದ.

"ತೊಂಬತ್ತೆಂಟು! ಮನೆಯಿಂದಲೇ ತಂದಿದ್ದೆ. ಹಾಕ್ಕೊ, ಬೇಗ!"

ಷಡ್ಡಕರು ಒಬ್ಬರ ಸೋಲಿಗೆ ಒಬ್ಬರು ಸಕ್ಕರೆ ಹಂಚುವ ಲೋಕದಲ್ಲಿ ಇಂಥವನೂ ಇದ್ದಾನಲ್ಲ ಎಂದು ಖಲ್ಫಾನನ ಕಣ್ಣು ಒದ್ದೆಯಾಯಿತು.

"ನಾನೂ ಬರ್ತೀನಿ," ಎಂದು ಶಮ್ಸಾ ಪಕ್ಕದಲ್ಲಿ ಹತ್ತಿ ಕುಳಿತಳು. "ಈ ಸಲ ಹತ್ತುತ್ತೆ ಬಿಡಿ."

ಹತ್ತಿತು. ಕಟಕಟವಿಲ್ಲ, ಕೆಮ್ಮಿಲ್ಲ. ಮರಳು ರೆಕ್ಕೆಯಂತೆ ಎರಡೂ ಕಡೆ ಚಿಮ್ಮಿ, ಗಾಡಿ ನೆತ್ತಿಗೆ ಹೋಗಿ ನಿಂತಿತು. ಶಮ್ಸಾ ನಗುತ್ತಿದ್ದಳು. ಮದುವೆಯ ಹೊಸತರಲ್ಲಿ ಅವಳು ಹೀಗೆ ನಗುತ್ತಿದ್ದದ್ದು ಅವನಿಗೆ ನೆನಪಾಯಿತು. ಇಷ್ಟು ಸಾಕು, ಅಂದುಕೊಂಡ ಖಲ್ಫಾನ್.

ಕೆಳಗಿಳಿದಾಗ ಅತ್ತೆ ಅವನ ಹಣೆಗೆ ಮುತ್ತಿಟ್ಟರು. "ಗಂಡು ಅಂದ್ರೆ ನೀನಪ್ಪಾ. ಇನ್ಮೇಲೆ ನಾನು ನಿನ್ನ ಗಾಡಿ ಬಿಟ್ಟು ಬೇರೆ ಗಾಡಿ ಹತ್ತಲ್ಲ."

ಜನ ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದವನು ಮುಸಬ್ಬಹ್. ಆಮೇಲೆ ಅವನು ಅತ್ತೆಯ ದಿಂಬು, ಫ್ಲಾಸ್ಕು, ಊರುಗೋಲು, ಧೂಪದ ಡಬ್ಬಿ ಎಲ್ಲವನ್ನೂ ತನ್ನ ಗಾಡಿಯಿಂದ ಖಲ್ಫಾನನ ಗಾಡಿಗೆ ಓಡೋಡುತ್ತ ಸಾಗಿಸಿದ. ಕೊನೆಯ ಗಂಟನ್ನು ಇಟ್ಟು ಖಲ್ಫಾನನನ್ನು ತಬ್ಬಿಕೊಂಡು ಕಿವಿಯಲ್ಲಿ ಪಿಸುಗುಟ್ಟಿದ:

"ಮದುವೆಯಾದಾಗಿಂದ ಅತ್ತೇನ ಹೊತ್ತೆ ತಮ್ಮಾ. ದಾರಿಯುದ್ದಕ್ಕೂ 'ನಿಧಾನ', 'ಎಡಕ್ಕೆ', 'ನಿಮ್ಮಪ್ಪ ಒಂಟೆ ಹೀಗೆ ಓಡಿಸ್ತಿದ್ನಾ?' ಹೋದ ವಾರ ಮಕ್ಕಳನ್ನೆಲ್ಲ ನನ್ನ ಗಾಡಿಗೇ ತುರುಕಿ ಅವರನ್ನ ನಿನಗೆ ದಾಟಿಸಿದ್ದೆ. ನಿನ್ನ ಗಾಡಿ ಕೈ ಕೊಡ್ತು! ಇವತ್ತು ಬಚಾವಾದೆ."

ಖಲ್ಫಾನ್ ತಿರುಗಿ ನೋಡಿದ. ಅತ್ತೆ ಆಗಲೇ ಮುಂದಿನ ಸೀಟಿನಲ್ಲಿ ಕಾಲು ಮಡಚಿ ಕೂತಿದ್ದರು, ಶಮ್ಸಾ ಹಿಂದಿನ ಸೀಟಿಗೆ ಹೋಗಿದ್ದಳು. ಅವನು ಒಳಗೆ ಕೂತದ್ದೇ ಅತ್ತೆ ಪ್ರೀತಿಯಿಂದ ಅವನ ಬಾಯಿಗೆ ಖರ್ಜೂರವೊಂದನ್ನು ಇಟ್ಟರು.

"ಮಗನೇ, ಸಲಾಲಾದಲ್ಲಿರೋ ನನ್ನ ತಂಗೀನ ನೋಡಿ ಯುಗ ಆಯ್ತು. ಬರೋ ವಾರ ನಾವಿಬ್ರೇ ಹೋಗಿಬರೋಣ."

"ಅತ್ತೇ, ಅದು ಇಡೀ ದಿನದ ದಾರಿ..."

"ಹೂಂ, ಅದಕ್ಕೇ ಮತ್ತೆ! ನಿನ್ನ ಜೊತೆ ಮಾತಾಡೋದು ಬೇಕಾದಷ್ಟಿದೆ."