ಒಂದು ವೋಲ್ಟೂ ಮಿಸುಕಾಡಕೂಡದು!

“ಇನ್ಮೇಲೆ ಈ ಮನೇಲಿ ನನ್ನ ಅಪ್ಪಣೆ ಇಲ್ದೆ ಒಂದು ವೋಲ್ಟೂ ಮಿಸುಕಾಡಕೂಡದು!” ಎಂದು ವಿಮಾ ಕಚೇರಿಯ ಗುಮಾಸ್ತರು ಸ್ಟೂಲಿನ ಮೇಲಿಂದ ಘೋಷಿಸಿದರು. ಕರೆಂಟಿನ ಏರಿಳಿತಕ್ಕೆ ಫ್ರಿಜ್ಜು ಸುಟ್ಟು, ಆಗಷ್ಟೇ ರಿಪೇರಿಯಾಗಿ ಬಂದಿತ್ತು. ಆ ಸೇಡಿಗೆಂದೇ ಅವರು ಇಂಟರ್ನೆಟ್ ಸೆನ್ಸರುಗಳನ್ನು ತರಿಸಿದ್ದರು. ಮೇನ್ ಸ್ವಿಚ್ಚಿಗೊಂದು, ಫ್ರಿಜ್ಜಿಗೊಂದು, ಟಿವಿಗೊಂದು. ಕರೆಂಟು ಒಂಚೂರು ಕೆಮ್ಮಿದರೂ ಮೊಬೈಲಿಗೆ ಸುದ್ದಿ!

“ಎಲೆಕ್ಟ್ರಿಷಿಯನ್ನ ಕರೀಬಹುದಿತ್ತು,” ಎಂದರು ಸ್ಟೂಲು ಹಿಡಿದಿದ್ದ ಹೆಂಡತಿ.

“ನಾನು ಬದುಕಿರೋವಾಗ?”

“ಬದುಕಿರ್ಲಿ ಅಂತಾನೇ ಹೇಳಿದ್ದು!”

ಮೇನ್ ಆಫ್ ಮಾಡಿ, ತಂತಿ ಬಿಚ್ಚಿ, ಸೆನ್ಸರು ಸಿಕ್ಕಿಸಿ, ಮತ್ತೆ ಬಿಗಿದು ಸಾಹೇಬರು ದಿಗ್ವಿಜಯ ಮುಗಿಸಿ ಕೆಳಗಿಳಿದರು.

ಮರುದಿನವೇ ಶುರುವಾಯಿತು. ಮ್ಯಾನೇಜರ್ ಗಂಭೀರವಾಗಿ ಮೀಟಿಂಗ್ ನಡೆಸುತ್ತಿದ್ದಾಗ ಗುಮಾಸ್ತರ ಜೇಬು ಕೂಗಿತು: “ನಿಮ್ಮ ಮನೆಯಲ್ಲಿ ಒತ್ತಡ ಕುಸಿದಿದೆ!”

“ಪುಣ್ಯವಂತರು ಕಣ್ರೀ,” ಎಂದರು ಮ್ಯಾನೇಜರ್. “ನಮ್ಮನೇಲಿ ಏರ್ತಾನೇ ಇದೆ!”

ಗುಮಾಸ್ತರು ಹೊರಗೋಡಿ ಮನೆಗೆ ಫೋನ್ ಹಚ್ಚಿದರು. “ಈಗ ಏನು ಹಾಕ್ದೆ?”

“ಇಸ್ತ್ರಿಪೆಟ್ಟಿಗೆ ಹಾಕ್ದೆ. ನಿಮ್ಮ ಅಂಗಿಗೇನೇ. ಬೇಡ್ವಾ?”

ಬೇಕಿತ್ತು. ಆದರೆ ಅಪರಾಧಿಯೂ ಬೇಕಿತ್ತಲ್ಲ! ಸಂಜೆ ಮನೆಗೆ ಬರುವಾಗ ಪಕ್ಕದ ಬಡಗಿಯ ಗರಗಸದ ಮೆಷಿನ್ನು ‘ಗುರ್ರ್’ ಎಂದಿತು. ಸಿಕ್ಕಿಬಿದ್ದ ಕಳ್ಳ!

“ನಿಮ್ಮ ಮೆಷಿನ್ನು ನಮ್ಮ ಕರೆಂಟನ್ನೆಲ್ಲ ನುಂಗಿ ನೀರು ಕುಡೀತಿದೆ!” ಎಂದು ಗುಮಾಸ್ತರು ಬೀದಿಯೆಲ್ಲ ಕೇಳುವಂತೆ ಅಬ್ಬರಿಸಿ, ಮೊಬೈಲಿನಲ್ಲಿ ಕರೆಂಟಿನ ಏರಿಳಿತ ತೋರಿಸುವ ಗೆರೆಗಳನ್ನು ಅವನ ಮೂಗಿಗೆ ಹಿಡಿದರು.

ಬಡಗಿ ಪಾಪದವನು. ತಲೆ ಕೆರೆದುಕೊಂಡು, “ಹೌದಾ ಸಾರ್? ಹಾಗಾದ್ರೆ ನೀವು ಆಫೀಸಿಗೆ ಹೋದ್ಮೇಲೆ ಓಡಿಸ್ತೀನಿ,” ಎಂದ. ಬೇಸರಕ್ಕೋ ಏನೋ, ಮಾರನೆಯ ದಿನ ಅಂಗಡಿಗೆ ಬೀಗ ಜಡಿದು ಅಕ್ಕನ ಊರಿಗೆ ಹೊರಟೇಹೋದ.

ಅವತ್ತು ಗುಮಾಸ್ತರ ಮೊಬೈಲು ಬಾಯಿ ಮುಚ್ಚಲೇ ಇಲ್ಲ. ಕುಸಿಯಿತು! ಏರಿತು! ಮತ್ತೆ ಕುಸಿಯಿತು! ಕೊನೆಗೆ ಹೆಂಡತಿಯ ಫೋನು ಬಂತು.

“ಸ್ವಿಚ್ ಪೆಟ್ಟಿಗೆಯಿಂದ ಹೊಗೆ ಬರ್ತಿದೆ. ಮೇನ್ ಆಫ್ ಮಾಡಿ ಎಲೆಕ್ಟ್ರಿಷಿಯನ್ನ ಕರೆದಿದ್ದೀನಿ. ಬೇಗ ಬನ್ನಿ.”

ಗುಮಾಸ್ತರಿಗೆ ಆಟೋದಲ್ಲಿ ಕೂತರೂ ಕಾಲು ನಿಲ್ಲಲಿಲ್ಲ. ಮನೆ ಮುಟ್ಟಿ, ಹೆಂಡತಿ ಗಟ್ಟಿಮುಟ್ಟಾಗಿ ಬಾಗಿಲಲ್ಲಿ ನಿಂತಿದ್ದು ಕಂಡಾಗಲೇ ಉಸಿರು ಬಂದದ್ದು.

ಒಳಗೆ ಎಲೆಕ್ಟ್ರಿಷಿಯನ್ ಕಪ್ಪಗಾದ ತಂತಿಯನ್ನು ಎತ್ತಿ ಹಿಡಿದಿದ್ದ. “ಈ ಸ್ಕ್ರೂ ಸಡಿಲ ಇದೆ. ಈಗಿನ ಏರಿಳಿತ ಎಲ್ಲ ಇದರದ್ದೇ. ಇತ್ತೀಚೆಗೆ ಯಾರು ಬಿಚ್ಚಿದ್ದು?”

ಗುಮಾಸ್ತರು ಛಾವಣಿ ನೋಡಿದರು. ಹೆಂಡತಿ ಗುಮಾಸ್ತರನ್ನು ನೋಡಿದರು.

“ನಾನೇನೋ ಬದುಕಿದ್ದೀನಿ,” ಎಂದರು ಆಕೆ ಮೆಲ್ಲಗೆ. “ಬಡಗಿ ಬಂದ ತಕ್ಷಣ ಹೋಗಿ ಕ್ಷಮೆ ಕೇಳಿ.”

ಅವನು ಬಂದ ದಿನವೇ ಗುಮಾಸ್ತರು ಬಾಲ ಮುದುರಿಕೊಂಡು ಅಂಗಡಿಗೆ ಹೋದರು. “ತಪ್ಪು ನಂದೇ ಕಣಪ್ಪಾ. ಸುಮ್‌ಸುಮ್ನೆ ನಿನ್ನ ಮೇಲೆ ಕೂಗಾಡಿಬಿಟ್ಟೆ.”

“ಅಯ್ಯೋ, ಬಿಡಿ ಸಾರ್!” ಬಡಗಿಯ ಮುಖ ಅರಳಿತು. ಹಲಗೆಗಳ ಹಿಂದಿನಿಂದ ಹೊಚ್ಚ ಹೊಸ ಡಬ್ಬಿಯೊಂದನ್ನು ತೆಗೆದ. “ನೀವು ಬೈದದ್ದಕ್ಕೆ ಹೆದರಿ ನಾನೂ ಸೆನ್ಸರು ತಂದ್ಬಿಟ್ಟೆ. ನೀವು ತಿಳಿದೋರು, ಒಂಚೂರು ಜೋಡಿಸಿಕೊಡ್ತೀರಾ?”

ಗುಮಾಸ್ತರ ಎದೆ ಮತ್ತೆ ಉಬ್ಬಿತು. ಅಂಗಿಯ ತೋಳು ಮಡಚಿ, ಸ್ಕ್ರೂಡ್ರೈವರಿಗೆ ಕೈ ಚಾಚಿದರು.

ಕಾಂಪೌಂಡಿನಾಚೆಯಿಂದ ಹೆಂಡತಿಯ ಕೂಗು ಸಿಡಿಯಿತು: “ಅಣ್ಣಾ! ಅವರು ಕ್ಷಮೆ ಕೇಳೋಕಷ್ಟೇ ಬಂದಿರೋದು!”