ಅತ್ತಿಮರಕ್ಕೆ ಕೇಳಿಸಿದ ಅಡುಗೆಮನೆ

"ಪ್ರೇಮಾ, ಕಿವಿ ಇಲ್ಲಿಡು. ಮಾತಾಡಬೇಡ," ಎಂದರು ನಮ್ಮ ಯಜಮಾನರು.

ಊಟದ ಮೇಜಿನ ಮೇಲೆ ಅವರ ಹೊಸ ಯಂತ್ರ ಕೂತಿತ್ತು. ಹಳೆಯ ಫೋನಿನ ರಿಸೀವರು, ಒಂದು ರಾಶಿ ತಂತಿ, ತುದಿಗೆ ನಾನು ವಾರದಿಂದ ಹುಡುಕುತ್ತಿದ್ದ ಎಣ್ಣೆಯ ಆಲಿಕೆ. ಇದರ ಜೋಡಿ ಪೆಟ್ಟಿಗೆಯನ್ನು ಉಗಾಂಡಕ್ಕೆ ಕಳಿಸಿ, ಅಲ್ಲಿನ ಗೈಡ್ ಮುಗಿಶಾನ ಕೈಯಲ್ಲಿ ಕಾಡಿನ ಅತ್ತಿಮರಕ್ಕೆ ಕಟ್ಟಿಸಿದ್ದರು. ಸದ್ದು ಭೂಮಿಯೊಳಗಿಂದಲೇ ನೇರ ಚಿತ್ರದುರ್ಗಕ್ಕೆ ಬರುತ್ತದಂತೆ.

ಕಿವಿಯಿಟ್ಟೆ. ಮೊದಲು ಜೀರುಂಡೆ. ಆಮೇಲೆ ದೂರದಲ್ಲಿ ಯಾರೋ ಯಾರನ್ನೋ ಕರೆದಂತೆ, ಹೂ... ಹೂ... ಎಂದು ಏರುತ್ತಾ ಹೋದ ಕೂಗು.

"ಚಿಂಪಾಂಜಿ," ಎಂದರು. ಕಣ್ಣಲ್ಲಿ ನೀರಿತ್ತು.

ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಊರವರ ಮಾತನ್ನೆಲ್ಲ ದಾಟಿಸಿ ನಿವೃತ್ತರಾದ ಇವರಿಗೆ ಉಳಿದದ್ದು ಒಂದೇ ಆಸೆ. ಕಾಡಿನಲ್ಲಿ, ಅವುಗಳ ಮನೆಯಲ್ಲಿ, ಚಿಂಪಾಂಜಿಗಳನ್ನು ನೋಡಬೇಕು. ಕಾಡಲ್ಲಿ ನಡೆಯಲು ಕಾಲು ಗಟ್ಟಿಯಾಗಲೆಂದು ಇಬ್ಬರೂ ದಿನಾ ಕೋಟೆ ಹತ್ತುತ್ತಿದ್ದೆವು.

"ಕೋಟೆ ಮೇಲೇ ಬೇಕಾದಷ್ಟು ಕೋತಿ ಅವೆ. ಅಷ್ಟು ದೂರ ಯಾಕ್ರೀ?"

"ಚಿಂಪಾಂಜಿ ಕೋತಿ ಅಲ್ಲ ಕಣೇ. ಅದಕ್ಕೆ ಬಾಲ ಇಲ್ಲ."

"ನಿಮಗೂ ಇಲ್ಲ. ಕನ್ನಡಿ ನೋಡ್ಕೊಳ್ಳಿ."

ಹಾಗಂದರೂ ನಾನು ಆಗಲೇ ದಪ್ಪ ಕಾಲುಚೀಲ ಕೊಂಡಿಟ್ಟಿದ್ದೆ. ಆ ಕೂಗು ಕೇಳಿದ ಮೇಲೆ ನನಗೂ ನಿದ್ದೆಯಲ್ಲಿ ಕಾಡೇ ಬರುತ್ತಿತ್ತು.

ನಾಲ್ಕೈದು ದಿನಕ್ಕೆ ಮುಗಿಶಾ ಫೋನ್ ಮಾಡಿದ. ಯಜಮಾನರ ಮುಖ ಬಾಡಿತು.

"ಬೆಳಕು ಹರಿಯೋ ಹೊತ್ತಿಗೆ ಮರದಿಂದ ಭಯಂಕರ ಶಿಳ್ಳೆ ಬರುತ್ತಂತೆ. ಆಮೇಲೆ ಒಂದು ಹೆಂಗಸು ಬೈಯೋ ಸದ್ದು. ಚಿಂಪಾಂಜಿಗಳೆಲ್ಲ ಬೆಟ್ಟದಾಚೆ ಓಡಿಹೋದವಂತೆ."

ನಮ್ಮ ತಿಂಡಿಯ ಹೊತ್ತಿಗೆ ಅಲ್ಲಿ ಬೆಳಗಾಗುತ್ತದೆ. ಶಿಳ್ಳೆ ನಮ್ಮ ಕುಕ್ಕರಿನದು. ಹೆಂಗಸು ಯಾರೆಂದು ಹೇಳಬೇಕಿಲ್ಲ. ಯಂತ್ರ ಅಲ್ಲಿಯ ಸದ್ದು ತರುವುದರ ಜೊತೆಗೆ ಇಲ್ಲಿಯದನ್ನೂ ಹೊತ್ತೊಯ್ಯುತ್ತಿತ್ತು.

ಅವತ್ತಿಂದ ಕುಕ್ಕರ್ ಬಂದ್. ನಾವು ಕೈಸನ್ನೆಯಲ್ಲೇ ಜಗಳವಾಡಿದೆವು. ಅವರು ತಂತಿಗಳನ್ನು ತಿರುಗಿಸಿ ಮುರುಗಿಸಿ ರಿಪೇರಿ ಮಾಡಿದರು. ಮಾಡಿದ್ದೇ ತಡ, ಅಲ್ಲಿಂದ ಬರುವ ಸದ್ದು ನಿಂತಿತು, ಇಲ್ಲಿಂದ ಹೋಗುವುದು ಇಮ್ಮಡಿಯಾಯಿತು. ಅವರು ಸೀನಿದರೆ ಅತ್ತಿಮರ ಅಲ್ಲಾಡುತ್ತಿದೆ ಎಂದು ಮುಗಿಶಾ ದೂರಿದ. ಪ್ರವಾಸವನ್ನು ಮುಂದಕ್ಕೆ ಹಾಕಿದ. ಯಜಮಾನರು ಕೋಟೆಗೆ ಬರುವುದನ್ನೇ ಬಿಟ್ಟು, ಸತ್ತ ಆಲಿಕೆಗೆ ಕಿವಿಯಿಟ್ಟು ಕೂರತೊಡಗಿದರು.

ಅದನ್ನು ನೋಡಲಾರದೆ, ಒಂದು ಬೆಳಿಗ್ಗೆ ಅವರು ಸ್ನಾನಕ್ಕೆ ಹೋದಾಗ ಆಲಿಕೆಯ ಮುಂದೆ ಕುಳಿತೆ.

"ನೋಡ್ರಪ್ಪಾ, ನಾವು ಕೆಟ್ಟೋರಲ್ಲ. ಅದು ಬೇಳೆ ಬೇಯಿಸೋ ಪಾತ್ರೆ ಅಷ್ಟೇ, ಹೆದರಬೇಡಿ. ನಮ್ಮನೆಯೋರಿಗೆ ನಿಮ್ಮನ್ನ ನೋಡಬೇಕಂತ ಬಹಳ ಆಸೆ. ನನಗೂ ಅಷ್ಟೇ. ವಾಪಸ್ ಬನ್ನಿ."

ಮರುದಿನವೂ ಮಾತಾಡಿದೆ. ಸಾರಿನ ವಿಷಯ, ಮಂಡಿನೋವಿನ ವಿಷಯ, ಬಾಯಿಗೆ ಬಂದದ್ದೆಲ್ಲ.

ಮುಗಿಶಾನ ಫೋನ್ ಬಂತು. ಚಿಂಪಾಂಜಿಗಳು ಮರಳಿವೆ! ಹೆಂಗಸಿನ ದನಿ ಬರುವಾಗ ಮರದ ಕೆಳಗೆ ಸಾಲಾಗಿ ಕೂರುತ್ತವೆ. ದನಿ ನಿಂತರೆ ಪೆಟ್ಟಿಗೆಗೆ ಕೋಲೆಸೆದು ಬೆಟ್ಟದಾಚೆ ಹೊರಡುತ್ತವೆ. ಕೂಡಲೇ ಹೊರಟು ಬನ್ನಿ ಎಂದ. ಕುಣಿದಾಡಿದೆವು. ಆಮೇಲೆ ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ನಾನೂ ಹೊರಟರೆ ಇಲ್ಲಿ ಮಾತಾಡುವವರು ಯಾರು?

ನನ್ನ ಮಾತನ್ನು ರೆಕಾರ್ಡ್ ಮಾಡಿ ಹಾಕಿ ನೋಡಿದೆವು. ಎರಡನೇ ಸಲಕ್ಕೇ ಎದ್ದು ಹೋದವಂತೆ.

"ಹಂಗಾದ್ರೆ ನಾನೂ ಹೋಗಲ್ಲ ಬಿಡು," ಎಂದರು.

"ಸುಮ್ನೆ ಹೋಗಿ ಬನ್ನಿ. ನನ್ನ ಕಾಲುಚೀಲಾನೂ ಇಟ್ಕೊಳ್ಳಿ, ಅಲ್ಲಿ ಒದ್ದೆ ಇರುತ್ತೆ."

ಅವರು ಕಾಡು ಸೇರಿದ ಬೆಳಿಗ್ಗೆ ನಾನು ಆಲಿಕೆಯ ಮುಂದೆ ಕುಳಿತು ಗಂಟಲು ಒಣಗುವವರೆಗೆ ಮಾತಾಡಿದೆ. ಉತ್ತರ ಬರುವಂತಿರಲಿಲ್ಲ. ನಡುನಡುವೆ ಸುಮ್ಮನಾಗಿ, ಈಗ ಅಲ್ಲಿ ಎಲೆಗಳ ಮೇಲೆ ಬಿಸಿಲು ಹೇಗೆ ಬೀಳುತ್ತಿರಬಹುದೆಂದು ಯೋಚಿಸಿದೆ. ಕೋಲೆಸೆದಾವೆಂದು ಹೆದರಿ ಮತ್ತೆ ಶುರುಮಾಡಿದೆ.

ವಾಪಸ್ಸಾದವರನ್ನು ಬಾಗಿಲಲ್ಲೇ ಕೇಳಿದೆ, "ಹೆಂಗಿದ್ವು?"

"ಒಂದು ಮುದುಕ ಚಿಂಪಾಂಜಿ ನನ್ನ ಪಕ್ಕದಲ್ಲೇ ಕೂತಿತ್ತು ಪ್ರೇಮಾ. ಗಲ್ಲಕ್ಕೆ ಕೈ ಕೊಟ್ಟು, ಮಿಸುಕಾಡದೆ ನಿನ್ನ ಮಾತೆಲ್ಲ ಕೇಳ್ತು."

"ನೀವು?"

"ನಾನೂ ಕೇಳಿದೆ. ಕೊನೇವರೆಗೂ."

ಮದುವೆಯಾದಾಗಿನಿಂದ ಅದೇ ಮೊದಲು. ಅದನ್ನು ನೋಡುವ ಭಾಗ್ಯವೂ ಆ ಮುದುಕ ಚಿಂಪಾಂಜಿಗೇ ಸಿಕ್ಕಿತು.