ಇಲ್ಲದ ವಿಭಾಗಕ್ಕೆ ಮುಖ್ಯಸ್ಥರು ಬಂದದ್ದು

ರಾಯದುರ್ಗದ ನಮ್ಮ ಸಿದ್ಧ ಉಡುಪು ಕಾರ್ಖಾನೆಯಲ್ಲಿ ಗೇಟ್ ಪಾಸ್ ಇಲ್ಲದೆ ಯಾರೂ ಹೊರಗೆ ಹೋಗುವಂತಿಲ್ಲ. ಹೋದವರನ್ನು ಕೆಲಸ ಬಿಟ್ಟವರೆಂದು ಪರಿಗಣಿಸಲಾಗುತ್ತದೆ. ಮೊದಲು ಮೇಲ್ವಿಚಾರಕರು ಪಾಸನ್ನು ಕೈಯಲ್ಲಿ ಬರೆದು ಕೊಡುತ್ತಿದ್ದರು; ಅದಕ್ಕೆ ಎರಡು ನಿಮಿಷ ಹಿಡಿಯುತ್ತಿತ್ತು. ಈ ವಿಳಂಬವನ್ನು ನಿವಾರಿಸಲು ಆಡಳಿತವು ಕಂಪ್ಯೂಟರ್ ವ್ಯವಸ್ಥೆಯನ್ನು ತಂದಿತು.

ವ್ಯವಸ್ಥೆ ಸರಳ. ಕೆಲಸಗಾರ್ತಿ ಪರದೆಯ ಮೇಲೆ ಅರ್ಜಿ ತುಂಬುತ್ತಾಳೆ. "ನಿಮ್ಮ ಅರ್ಜಿ ಸ್ವೀಕೃತವಾಗಿದೆ" ಎಂದು ಹಸಿರು ಅಕ್ಷರ ಮೂಡುತ್ತದೆ. ಅರ್ಜಿಯು ಒಳಗೆ, ಕಣ್ಣಿಗೆ ಕಾಣದ ಸರದಿಯಲ್ಲಿ ನಿಲ್ಲುತ್ತದೆ. ಹಿಂದಿನಿಂದ ಒಂದು ಪ್ರೋಗ್ರಾಂ ಒಂದೊಂದೇ ಅರ್ಜಿಯನ್ನು ಎತ್ತಿಕೊಂಡು, ಆಯಾ ವಿಭಾಗದ ಮುಖ್ಯಸ್ಥರಿಗೆ ತಿಳಿಸಿ, ಪಾಸು ಮುದ್ರಿಸುತ್ತದೆ.

ಆಗಸ್ಟ್ ಮೂರರಿಂದ ಅದು ಏನನ್ನೂ ಮುದ್ರಿಸಲಿಲ್ಲ. ಹಸಿರು ಅಕ್ಷರ ಮಾತ್ರ ತಪ್ಪದೆ ಮೂಡುತ್ತಿದ್ದುದರಿಂದ, ದೂರುಗಳಿಗೆ ಆಧಾರವಿಲ್ಲವೆಂದು ಮೊದಲ ಐದು ದಿನ ತೀರ್ಮಾನಿಸಲಾಯಿತು.

ಆರನೆಯ ದಿನ ಹೊಲಿಗೆ ವಿಭಾಗದ ಲಕ್ಷ್ಮಿದೇವಿ ಕಚೇರಿಯ ಬಾಗಿಲಲ್ಲಿ ನಿಂತಳು. ಅವಳ ಮಗಳನ್ನು ಅಮರಾಪುರಕ್ಕೆ ಕೊಟ್ಟಿದೆ. ಎರಡನೆಯ ಹೆರಿಗೆ, ಡಾಕ್ಟರು ಗುರುವಾರ ಎಂದಿದ್ದರು.

"ಆಕಿಗೆ ಅತ್ತಿ ಇಲ್ರಿ. ನಾ ಹೋಗ್ಲಿಲ್ಲಂದ್ರ ದವಾಖಾನ್ಯಾಗ ಕೈ ಹಿಡ್ಕೊಳ್ಳಾಕ ಯಾರೂ ಇಲ್ಲ," ಎಂದಳು.

ಕಂಪ್ಯೂಟರ್ ನೋಡಿಕೊಳ್ಳುವ ಹರೀಶ್ ಅರ್ಧ ಗಂಟೆಯಲ್ಲಿ ಕಾರಣ ಹುಡುಕಿದರು. ಇಷ್ಟು ಬೇಗ ಹುಡುಕಬೇಕೆಂದು ಯಾರೂ ಅವರನ್ನು ಕೇಳಿರಲಿಲ್ಲ. ಸರದಿಯ ಮುಂದೆ ವಾಷಿಂಗ್ ವಿಭಾಗದ ತಿಪ್ಪಕ್ಕನ ಅರ್ಜಿ ಇತ್ತು. ಆಗಸ್ಟ್ ಮೂರರಂದು ಬೆಳಿಗ್ಗೆ ಆಕೆ ಅರ್ಜಿ ಹಾಕಿದಳು. ಮಧ್ಯಾಹ್ನ ಆ ವಿಭಾಗವನ್ನೇ ಮುಚ್ಚಲಾಯಿತು. ಸಂಜೆ ಆಕೆ ಪಾಸೂ ಇಲ್ಲದೆ, ಕೆಲಸವೂ ಇಲ್ಲದೆ ತನ್ನೂರು ಡಿ. ಹಿರೇಹಾಳಿಗೆ ಹೊರಟುಹೋದಳು. ಪ್ರೋಗ್ರಾಂ ವಾಷಿಂಗ್ ವಿಭಾಗದ ಮುಖ್ಯಸ್ಥರನ್ನು ಹುಡುಕುತ್ತದೆ, ಸಿಗುವುದಿಲ್ಲ, ಅದೇ ಅರ್ಜಿಯನ್ನು ಮತ್ತೆ ಎತ್ತಿಕೊಳ್ಳುತ್ತದೆ. ಅಲ್ಲಿಯವರೆಗೆ ಏಳು ಸಾವಿರ ಸಲ ಎತ್ತಿಕೊಂಡಿತ್ತು.

"ಅದೊಂದನ್ನ ತೆಗೆದ್ರ ಉಳಿದಾವೆಲ್ಲ ತಾವೇ ಹೋಗ್ತಾವ್ರಿ ಸರ್," ಎಂದರು ಹರೀಶ್.

ಜನರಲ್ ಮ್ಯಾನೇಜರ್ ತಿಪ್ಪೇರುದ್ರಪ್ಪನವರು ನ್ಯಾಯಪರರು. "ಮುಂದ ನಿಂತಾಕಿನ್ನ ಎಬ್ಬಿಸಿ ಹಿಂದಿನಾಕಿಗೆ ಕೊಡಾಕ ರೇಷನ್ ಅಂಗಡಿಯವನೂ ಒಪ್ಪಂಗಿಲ್ಲ. ನಾವು ಒಪ್ಪಬೇಕೇನು?"

"ಆಕಿ ಇಲ್ಲೇ ಇಲ್ರಿ."

"ಇಲ್ಲದಿದ್ರೇನಾತು? ಚಪ್ಪಲಿ ಇಟ್ಟು ಹೋದಾಕಿ ಅಂತ ತಿಳ್ಕೊ."

ನಮ್ಮ ಕಡೆ ರೇಷನ್ ಅಂಗಡಿಯ ಮುಂದೆ ಚಪ್ಪಲಿ ಇಟ್ಟು ಹೋದವರ ಸರದಿಯನ್ನು ಯಾರೂ ಮುಟ್ಟುವುದಿಲ್ಲ. ಈ ತತ್ವದ ಮೇಲೆ ಅಂದೇ ಸುತ್ತೋಲೆ ಹೊರಟಿತು:

"ಸರದಿಯು ಕಣ್ಣಿಗೆ ಕಾಣದಿರುವುದೇ ಅಸಮಾಧಾನದ ಮೂಲವಾಗಿರುತ್ತದೆ. ಆದಕಾರಣ ಅರ್ಜಿದಾರರು ತಮ್ಮ ಬಲಗಾಲಿನ ಚಪ್ಪಲಿಯನ್ನು ಅರ್ಜಿಯ ಕ್ರಮದಲ್ಲಿ ವರಾಂಡದಲ್ಲಿ ಇಡತಕ್ಕದ್ದು. ಎಡಗಾಲಿನದನ್ನು ಪರಿಗಣಿಸಲಾಗುವುದಿಲ್ಲ."

ತಿಪ್ಪಕ್ಕನ ಪರವಾಗಿ ಕಾರ್ಖಾನೆಯೇ ಹೊಸ ಚಪ್ಪಲಿಯೊಂದನ್ನು ತರಿಸಿ ಮೊದಲಲ್ಲಿ ಇರಿಸಿತು. ನೂರ ಎಂಬತ್ತಾರು ಮಂದಿ ಒಂದು ಕಾಲಲ್ಲಿ ಚಪ್ಪಲಿ ಹಾಕಿಕೊಂಡು ಹೊಲಿದರು. ಕ್ರಮ ಕೆಡದಂತೆ ನೋಡಿಕೊಳ್ಳಲು ವಾಚ್‌ಮನ್ ಓಬಯ್ಯನಿಗೆ ಕುರ್ಚಿ ಹಾಕಲಾಯಿತು. ಅಸಮಾಧಾನ ಕಡಿಮೆಯಾಯಿತೆಂದು ವರದಿ ಹೋಯಿತು.

ಗುರುವಾರ ಬೆಳಿಗ್ಗೆ ಲಕ್ಷ್ಮಿದೇವಿ ನಲವತ್ತೊಂದನೆಯ ಜಾಗದಲ್ಲಿದ್ದ ತನ್ನ ಚಪ್ಪಲಿಯನ್ನು ಎತ್ತಿ ಎಲ್ಲಕ್ಕಿಂತ ಮುಂದೆ ಇಟ್ಟಳು. ಓಬಯ್ಯ ಅದನ್ನು ತಿರುಗಿ ಮೊದಲಿನ ಜಾಗದಲ್ಲೇ ಇಟ್ಟ.

"ತಪ್ಪು ತಿಳ್ಕೋಬ್ಯಾಡಕ್ಕ. ಕಂಪ್ಯೂಟರ್‌ನ್ಯಾಗ ನೀ ಅಲ್ಲಿಲ್ಲ."

"ನಾ ಅಲ್ಲಿಲ್ಲ ಅಂತ ನನ್ನ ಮಗಳಿಗೂ ಗೊತ್ತೈತಪ್ಪ," ಎಂದು ಅವಳು ಮಷಿನ್ನಿಗೆ ಹೋದಳು. ಹನ್ನೊಂದು ಗಂಟೆಗೆ ಫೋನ್ ಬಂತು. ಹೆಣ್ಣು ಮಗು, ಪಕ್ಕದ ಮಂಚದವಳ ತಾಯಿ ಕೈ ಹಿಡಿದುಕೊಂಡಿದ್ದಳಂತೆ.

ಬಳಿಕ ಸಮಿತಿ ಸೇರಿತು. ತಿಪ್ಪಕ್ಕನ ಅರ್ಜಿಯನ್ನು ತೆಗೆದುಹಾಕಲು ಸಂಬಂಧಿಸಿದ ವಿಭಾಗದ ಮುಖ್ಯಸ್ಥರ ಒಪ್ಪಿಗೆ ಬೇಕು, ವಿಭಾಗವಿಲ್ಲದಲ್ಲಿ ಮುಖ್ಯಸ್ಥರಿಲ್ಲ. ಎರಡು ವಾರಗಳ ಚರ್ಚೆಯ ನಂತರ, ಹೇಗೂ ಕುರ್ಚಿಯಲ್ಲಿ ಕುಳಿತೇ ಇದ್ದ ಓಬಯ್ಯನನ್ನು ವಾಷಿಂಗ್ ವಿಭಾಗದ ಪ್ರಭಾರ ಮುಖ್ಯಸ್ಥನೆಂದು ನೇಮಿಸಲಾಯಿತು. ಹರೀಶ್ ಆ ಹೆಸರನ್ನು ಕಂಪ್ಯೂಟರಿಗೆ ಸೇರಿಸಿದರು. ಪ್ರೋಗ್ರಾಂ ಓಬಯ್ಯನನ್ನು ಕಂಡಿತು, ತಿಪ್ಪಕ್ಕನ ಪಾಸು ಮುದ್ರಿಸಿತು, ನಾಲ್ಕು ನಿಮಿಷಗಳಲ್ಲಿ ಉಳಿದೆಲ್ಲರ ಪಾಸುಗಳನ್ನೂ ಮುದ್ರಿಸಿತು. ಪ್ರತಿ ಪಾಸಿನ ಮೇಲೂ ಅರ್ಜಿಯಲ್ಲಿ ಕೇಳಿದ್ದ ಹಳೆಯ ದಿನಾಂಕವೇ ಇತ್ತು.

ಲಕ್ಷ್ಮಿದೇವಿ ತನ್ನದನ್ನು ಹಿಡಿದು ಬಂದಳು. "ಇದರ ದಿನ ಕಳೆದೈತ್ರಿ. ಈಗಾರ ಎರಡು ದಿನ ಕೊಡ್ರಿ, ಕೂಸಿನ ಮುಖ ನೋಡಿ ಬರ್ತೀನಿ."

ತಿಪ್ಪೇರುದ್ರಪ್ಪನವರು ಪರದೆ ನೋಡಿದರು. "ಹೋಗಿ ಬಂದೀಯಲ್ಲವಾ! ಗುರುವಾರ ಹೋಗಿ, ಶನಿವಾರ ಬಂದಿ. ಒಂದ ಹೆರಿಗಿಗೆ ಎರಡು ಸಲ ರಜಾ ಎಲ್ಲೈತಿ?"

"ನಾ ಗುರುವಾರ ಇಲ್ಲೇ ಮಷಿನ್ ಮುಂದಿದ್ದೆನ್ರಿ. ನೂರು ಪ್ಯಾಂಟಿಗೆ ಜೇಬು ಹಚ್ಚೀನಿ."

"ಅದನ್ನ ಜೋರಾಗಿ ಹೇಳಬ್ಯಾಡ. ರಜಾದಾಗ ಇದ್ದಾಕಿ ಮಷಿನ್ ಮುಟ್ಟಿದ್ದು ತಪ್ಪಾಗ್ತೈತಿ."

ರಜೆ ಮುಗಿಸಿ ಬಂದವರು ತುಂಬಬೇಕಾದ ನಮೂನೆಯನ್ನು ಅವಳ ಮುಂದಿಡಲಾಯಿತು. "ಪ್ರವಾಸದ ಉದ್ದೇಶ ಈಡೇರಿತೇ?" ಎಂಬ ಪ್ರಶ್ನೆಯ ಮೇಲೆ ಬಹಳ ಹೊತ್ತು ಪೆನ್ನು ಹಿಡಿದು, ಕೊನೆಗೆ ಈಡೇರಿತೆಂದು ಬರೆದು ಸಹಿ ಹಾಕಿದಳು. ಕೆಲಸ ಬೇಕಾಗಿತ್ತು.

ಊಟದ ಹೊತ್ತಿಗೆ ಹೆಂಗಸರೆಲ್ಲ ಸುತ್ತ ಕುಳಿತು ಕೇಳಿದರು: "ಮೊಮ್ಮಗಳು ಯಾರ ಹಂಗ ಅದಾಳ?"

"ನನ್ನ ಹಂಗ," ಎಂದಳು ಲಕ್ಷ್ಮಿದೇವಿ. "ಎಲ್ಲಿ ಮಲಗಿಸಿದ್ರ ಅಲ್ಲೇ ಇರ್ತಾಳ."

ಎಲ್ಲರಿಗೂ ಸಂತೋಷವಾಯಿತು. ಅಮರಾಪುರದಿಂದ ಏನು ತಂದೆ ಎಂದು ಓಬಯ್ಯ ಕೇಳಿದ್ದಕ್ಕೆ ಅವಳು ರಾಯದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಕೊಂಡ ಮೈಸೂರು ಪಾಕು ಹಂಚಿದಳು. ಅಮರಾಪುರದ ಮೈಸೂರು ಪಾಕಿನ ರುಚಿಯೇ ಬೇರೆ ಎಂದು ಎಲ್ಲರೂ ಒಪ್ಪಿದರು.